ವಿನಿಪಸಾಕಿಯ ಐಸ್ ಕೆಳಗೆ ವೈಟ್ ಪರ್ಚ್: ಎಷ್ಟು ಆಳ, ಯಾವ ಗಾಳ, ಎಷ್ಟು ತೂತು?

ಹೊಳೆಬದಿ
ಫೆಬ್ರವರಿ ಕೊನೆಯ ವಾರ ನ್ಯೂ ಹ್ಯಾಂಪ್‌ಶೈರ್‌ನ ವಿನಿಪಸಾಕಿ ಸರೋವರಕ್ಕೆ ನಾಲ್ಕು ಜನ ಹೊರಟಿದ್ದೇವೆ. ಹಳದಿ ಪರ್ಚ್ 10–12 ಅಡಿ ನೀರಿನಲ್ಲಿ, ಜೊಂಡಿನ ಪಕ್ಕ ಸಿಗುತ್ತೆ, ಅದು ಗೊತ್ತು. ಈ ಸಲ ವೈಟ್ ಪರ್ಚೇ ಬೇಕು. ಕೈಯಲ್ಲಿರುವ ಸಾಮಾನು: 6 ಇಂಚಿನ ಕೈ ಬೈರಿಗೆ ಒಂದು, 28 ಇಂಚಿನ ಗಾಳದ ಕೋಲು ನಾಲ್ಕು (6 ಪೌಂಡ್ ಭಾರ ತಡೆಯುವ ನೈಲಾನ್ ದಾರ), ಟಿಪ್-ಅಪ್ (ತೂತಿನ ಮೇಲಿಟ್ಟರೆ, ಮೀನು ಕಚ್ಚಿದಾಗ ಬಾವುಟ ಏಳುವ ಗಾಳದ ಸಾಧನ) ತಲೆಗೆ ಐದರಂತೆ ಇಪ್ಪತ್ತು. ಶಬ್ದದಿಂದ ಮೀನು ಪತ್ತೆ ಮಾಡುವ ಸೋನಾರ್ ಇಲ್ಲ. ಎಷ್ಟು ಆಳದಲ್ಲಿ ಹುಡುಕಬೇಕು? ಟಿಪ್-ಅಪ್ ಎಲ್ಲಾ ಹರಡಿ ಕೂತರೆ ಆಗುತ್ತಾ? ಬೇರೇನು ಕೊಳ್ಳಬೇಕು?

ಬೈರಿಗೆ ಭಟ್ಟ
ಮೊದಲು ಟಿಪ್-ಅಪ್ ವಿಷಯ. ಇಪ್ಪತ್ತನ್ನೂ ಮನೆಯಲ್ಲೇ ಬಿಡಿ. ವಿನಿಪಸಾಕಿ ಲೇಕ್ ಟ್ರೌಟ್–ಸಾಲ್ಮನ್ ಸರೋವರಗಳ ಪಟ್ಟಿಯಲ್ಲಿದೆ, ಅಲ್ಲಿ ಒಬ್ಬರಿಗೆ ಎರಡೇ ದಾರ. ಆ ಎರಡರಲ್ಲಿ ಕೈಯಲ್ಲಿರುವ ಕೋಲೂ ಒಂದು. ಈ ವರ್ಷದ ನಿಯಮ ಪುಸ್ತಕ ತೆರೆದು ಖಚಿತ ಮಾಡಿಕೊಂಡೇ ಹೊರಡಿ. 16 ವರ್ಷ ದಾಟಿದ ಎಲ್ಲರಿಗೂ ಲೈಸೆನ್ಸ್ ಬೇಕು.

ಈಗ ಮೀನು. ಹೆಸರಿನಲ್ಲಿ ಪರ್ಚ್ ಅಂತಿದ್ದರೂ ಇದು ಪರ್ಚ್ ಅಲ್ಲ. ಸ್ಟ್ರೈಪ್ಡ್ ಬಾಸ್‌ನ ದಾಯಾದಿ, ಮೊರೋನ್ ಅಮೆರಿಕಾನ. ಅಟ್ಲಾಂಟಿಕ್ ಕರಾವಳಿಯ ಅಳಿವೆಗಳ ಮೀನು, ಸಿಹಿನೀರಿನ ಸರೋವರಗಳಲ್ಲೂ ನೆಲೆಯಾಗಿದೆ. ಈ ವಂಶಾವಳಿ ಯಾಕೆ ಹೇಳ್ತಿದ್ದೀನಿ ಅಂದರೆ, ಹಳದಿ ಪರ್ಚ್ ಒಂದು ಜಾಗ ನೆಚ್ಚಿಕೊಂಡು ಇರುತ್ತೆ, ವೈಟ್ ಪರ್ಚ್ ಹಿಂಡು ಕಟ್ಟಿಕೊಂಡು ಅಲೆಯುತ್ತೆ. ಕುರಿಮಂದೆ ಇದ್ದ ಹಾಗೆ. ಹತ್ತು ನಿಮಿಷ ನಿಮ್ಮ ಕಾಲ ಕೆಳಗೆ ಐವತ್ತು ಮೀನು, ಹನ್ನೊಂದನೇ ನಿಮಿಷಕ್ಕೆ ಒಂದೂ ಇಲ್ಲ. ಕೂತಲ್ಲೇ ಕೂತರೆ ಹಿಂಡು ನಿಮ್ಮ ದಾರಿಗೆ ಬಂದಾಗ ಮಾತ್ರ ಊಟ.

ಆಳ: ಫೆಬ್ರವರಿ ಕೊನೆಗೆ 25ರಿಂದ 45 ಅಡಿ ನಡುವೆ ಹುಡುಕಿ. ತಳ ಕೆಸರಿರಬೇಕು, ಬಂಡೆಯಲ್ಲ. ಕೆಸರಿನಲ್ಲಿ ಕೀಟಗಳ ಮರಿಹುಳುಗಳು, ಸಣ್ಣ ಸಿಗಡಿ ಜಾತಿಯ ಜೀವಿಗಳು ಇರುತ್ತವೆ. ಚಳಿಗಾಲದಲ್ಲಿ ಅದರ ಮುಖ್ಯ ಆಹಾರವೇ ಅದು, ಜೊತೆಗೆ ಚಿಕ್ಕ ಸ್ಮೆಲ್ಟ್ ಮೀನು. ಕಲ್ಲಿನ ದಿಬ್ಬ ಇಳಿದು ಕೆಸರಿನ ಮೈದಾನ ಶುರುವಾಗುವ ಅಂಚು ಇದೆಯಲ್ಲ, ನಕ್ಷೆಯಲ್ಲಿ ಗೆರೆಗಳು ದೂರದೂರ ಆಗುವ ಜಾಗ, ಅಲ್ಲಿಂದ ಶುರು ಮಾಡಿ.

ತೂತು: ಆಳ ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಒಂದೇ ಸಾಲಿನಲ್ಲಿ, 30 ಹೆಜ್ಜೆಗೊಂದರಂತೆ ಹತ್ತು ತೂತು. ಎಲ್ಲವನ್ನೂ ಮೊದಲೇ ಕೊರೆದುಬಿಡಿ. ಮೀನು ಬಂದ ಮೇಲೆ ಹೊಸದಾಗಿ ಕೊರೆಯಲು ಹೊರಟರೆ ಹಿಂಡು ಹೋಗಿರುತ್ತೆ. ಒಂದೊಂದು ತೂತಿನಲ್ಲಿ ಐದು ನಿಮಿಷ, ಹೆಚ್ಚಿಲ್ಲ. ನಾಲ್ವರಿದ್ದೀರಿ, ನಾಲ್ಕು ಬೇರೆ ಬೇರೆ ಆಳದಲ್ಲಿ ನಿಲ್ಲಿ. ಒಬ್ಬರಿಗೆ ಮೀನು ಹತ್ತಿದ ಕೂಡಲೇ ಉಳಿದವರು ಅದೇ ಆಳದ ಗೆರೆ ಹಿಡಿದು ಅಕ್ಕಪಕ್ಕ ಬನ್ನಿ.

ಒಂದು ಕೈ ಬೈರಿಗೆಯಲ್ಲಿ ನಾಲ್ಕು ಜನಕ್ಕೆ ಇಷ್ಟು ತೂತು ಕಷ್ಟ. 18 ಇಂಚು ದಪ್ಪ ಇದ್ದರೆ ಆರನೇ ತೂತಿಗೇ ತೋಳು ಬಿದ್ದುಹೋಗುತ್ತೆ. ಬ್ಯಾಟರಿ ಡ್ರಿಲ್‌ಗೆ ಹಾಕುವ 6 ಇಂಚಿನ ಬೈರಿಗೆ ತಗೊಳ್ಳಿ. ಡ್ರಿಲ್ ಬ್ರಷ್‌ಲೆಸ್ ಇರಲಿ, ಹಿಡಿಯಲು ಪಕ್ಕದ ಹಿಡಿಕೆ ಇರಲೇಬೇಕು, ಇಲ್ಲದಿದ್ದರೆ ಅಲಗು ಸಿಕ್ಕಿಕೊಂಡಾಗ ಮಣಿಕಟ್ಟು ತಿರುಚುತ್ತೆ. ಬೈರಿಗೆಯ ತಲೆಗೆ ತೂತಿಗಿಂತ ಅಗಲದ ತಟ್ಟೆಯೊಂದು ಇರಲಿ. ಡ್ರಿಲ್‌ನ ಹಿಡಿತ ಸಡಿಲವಾದರೆ ಬೈರಿಗೆ ನೇರ ತಳಕ್ಕೆ ಹೋಗುತ್ತೆ, ಆ ತಟ್ಟೆಯೊಂದೇ ಅದನ್ನು ತಡೆಯೋದು.

ಮೇನ್ ಮಾವ
ಭಟ್ರು ಟಿಪ್-ಅಪ್‌ಗಳನ್ನು ಪೂರ್ತಿ ತಳ್ಳಿಹಾಕಿದ್ದಕ್ಕೆ ನನ್ನ ತಕರಾರಿದೆ. ಎರಡನೇ ದಾರ ಖಾಲಿ ಯಾಕೆ ಬಿಡಬೇಕು? ಒಂದು ಕೈಯಲ್ಲಿ, ಇನ್ನೊಂದು ಟಿಪ್-ಅಪ್ 40–50 ಹೆಜ್ಜೆ ಆಚೆ, ಬೇರೆ ಆಳದಲ್ಲಿ. ಬಾವುಟ ಎದ್ದರೆ ಹಿಂಡು ಎಲ್ಲಿದೆ ಅಂತ ತಿಳಿಯುತ್ತೆ. ಅದನ್ನು ಮೀನು ಹಿಡಿಯುವ ಸಾಧನ ಅನ್ನಬೇಡಿ, ಬೇಹುಗಾರ ಅನ್ನಿ. 2–2½ ಇಂಚಿನ ಸಣ್ಣ ಶೈನರ್ ಮೀನು, 8ನೇ ನಂಬರ್ ಗಾಳ, ಬೆನ್ನುರೆಕ್ಕೆಯ ಕೆಳಗೆ ತೆಳುವಾಗಿ ಚುಚ್ಚಿ, ತಳದಿಂದ ಒಂದಡಿ ಮೇಲೆ ಬಿಡಿ. ಇಲ್ಲಿಯವರು ಟಿಪ್-ಅಪ್‌ಗೆ ಟ್ರ್ಯಾಪ್ ಅಂತಾರೆ, ಅಂಗಡಿಯಲ್ಲಿ ಹಾಗೇ ಕೇಳಿ.

ಬಾವುಟದ ಬಿಗಿ ಸಡಿಲವಿರಲಿ. ವೈಟ್ ಪರ್ಚ್ ಎಳೆಯೋದು ಪೈಕ್ ಥರ ಅಲ್ಲ, ಬಿಗಿ ಇದ್ದರೆ ಎರೆ ಉಗುಳಿ ಹೋಗುತ್ತೆ.

ಬೈರಿಗೆ ಭಟ್ಟ
ಬೇಹುಗಾರ ಅನ್ನೋದು ಒಪ್ಪಿದೆ ಮಾವ. ಆದರೆ ಬಾವುಟದ ಕಡೆ ಓಡಿ ಹೋಗಿ ಒಂದು ಮೀನು ಎತ್ತುವ ಹೊತ್ತಿಗೆ ಕೈಗೋಲಿನಲ್ಲಿ ನಾಲ್ಕು ಬಂದಿರುತ್ತೆ. ಹಿಂಡು ಕಾಲ ಕೆಳಗಿರುವಾಗ ಬಾವುಟ ಎದ್ದರೂ ತಿರುಗಿ ನೋಡಬಾರದು.

ತಕ್ಕಡಿ
ಗಾಳದ ಕಟ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ಇದು ನಡೆಯುವ ಕಟ್ಟು:

ಮುಖ್ಯ ದಾರ 6 ಪೌಂಡ್. ಅದರ ತುದಿಗೆ ಚಿಕ್ಕ ತಿರುಗಣಿ (ಸ್ವಿವೆಲ್). ಚಮಚದಂಥ ಲೋಹದ ಗಾಳ ಗಿರಗಿರ ತಿರುಗಿ ದಾರ ಮುರಿಗೊಳ್ಳೋದನ್ನು ಅದು ತಡೆಯುತ್ತೆ. ತಿರುಗಣಿಯ ಕೆಳಗೆ 20 ಇಂಚು 6 ಪೌಂಡ್ ಫ್ಲೋರೋಕಾರ್ಬನ್ ದಾರ. ತುದಿಯಲ್ಲಿ ¼ ಅಥವಾ 3/8 ಔನ್ಸಿನ ಬೆಳ್ಳಿ ಬಣ್ಣದ ಸ್ಪೂನ್. ಸ್ವೀಡಿಷ್ ಪಿಂಪಲ್, ಕ್ಯಾಸ್ಟ್‌ಮಾಸ್ಟರ್ ಎರಡೂ ಆಗುತ್ತೆ. ಸ್ಪೂನಿನ ಮೂರು ಕೊಕ್ಕೆಯ ಗಾಳ ತೆಗೆದುಹಾಕಿ. ಅದರ ಬದಲು 2–3 ಇಂಚು ದಾರದ ತುಂಡು, 8 ಪೌಂಡಿನದು, ಸ್ವಲ್ಪ ಗಡುಸು ಇರಲಿ, ತುದಿಗೆ 8ನೇ ನಂಬರಿನ ಒಂಟಿ ಗಾಳ. ಅದಕ್ಕೆ ಎರೆಹುಳುವಿನ ಒಂದು ಇಂಚು ತುಂಡು. ಇಡೀ ಹುಳು ಹಾಕಿದರೆ ಬಾಲ ಕಚ್ಚಿ ಎಳೆದುಕೊಂಡು ಹೋಗುತ್ತೆ.

ಸ್ಪೂನ್ ಭಾರ ಇರೋದು ಯಾಕೆ ಅಂದರೆ ವೇಗಕ್ಕೆ. 40 ಅಡಿಗೆ 1/16 ಔನ್ಸ್ ಗಾಳ ಇಳಿಯುವ ಹೊತ್ತಿಗೆ ಹಿಂಡು ಜಾಗ ಖಾಲಿ ಮಾಡುತ್ತೆ. ಒಂದು ಮೀನು ಮೇಲೆ ಬಂದ ಮೇಲೆ ಹತ್ತು ಸೆಕೆಂಡಿನಲ್ಲಿ ಗಾಳ ಮತ್ತೆ ತಳದಲ್ಲಿರಬೇಕು. ಎರೆ ಅರ್ಧ ಉಳಿದಿದ್ದರೆ ಬದಲಿಸುತ್ತಾ ಕೂರಬೇಡಿ, ಹಾಗೇ ಬಿಡಿ.

ಆಡಿಸುವ ರೀತಿ: ತಳಕ್ಕೆ ಬಿಟ್ಟು ಮೂರು ಸಲ ಕೆಸರಿಗೆ ಕುಟ್ಟಿ. ಕೆಸರು ಎದ್ದು ಮೋಡವಾದರೆ ದೂರದ ಮೀನೂ ನೋಡಲು ಬರುತ್ತೆ. ಆಮೇಲೆ 6 ಇಂಚು ಎತ್ತಿ ಅಲುಗದಂತೆ ಹಿಡಿಯಿರಿ. ಎಣಿಕೆ ಹತ್ತು. ಹೊಸಬರು ತಪ್ಪೋದು ಇಲ್ಲೇ, ಕುಣಿಸುತ್ತಲೇ ಇರುತ್ತಾರೆ. ವೈಟ್ ಪರ್ಚ್ ಕಚ್ಚೋದು ಹೆಚ್ಚಾಗಿ ನಿಂತ ಎರೆಯನ್ನು.

ಕೆಲವು ಸಲ ಕೋಲಿನ ತುದಿ ಬಗ್ಗೋದೇ ಇಲ್ಲ, ಬದಲಿಗೆ ದಾರ ಸಡಿಲವಾಗುತ್ತೆ. ಎರೆ ಬಾಯಲ್ಲಿಟ್ಟುಕೊಂಡು ಮೀನು ಮೇಲಕ್ಕೆ ಬಂದಿದೆ ಅಂತ ಅರ್ಥ. ಆಗಲೂ ಎಳೆಯಿರಿ.

ಹೊಳೆಬದಿ
ಮೇಲೊಂದು ಕೆಳಗೊಂದು, ಎರಡು ಗಾಳ ಕಟ್ಟುವ ಪದ್ಧತಿ ಇದೆಯಂತಲ್ಲ?

ತಕ್ಕಡಿ
ಇದೆ. ಸ್ಪೂನಿನ ಮೇಲೆ 12–15 ಇಂಚು ಎತ್ತರದಲ್ಲಿ 3 ಇಂಚಿನ ಕವಲು ದಾರ ತೆಗೆದು ಸಣ್ಣ ಫ್ಲೈ (ಕೀಟದಂತೆ ಕಾಣುವ ಗಾಳ) ಕಟ್ಟುತ್ತಾರೆ. ಹಿಂಡು ದಟ್ಟ ಇದ್ದಾಗ ಜೋಡಿ ಬರುತ್ತೆ. ಆದರೆ ಮೀನು ಕೆಳಗಿನದಕ್ಕೆ ಹತ್ತಿ ಮೇಲಿನದು ಖಾಲಿ ಇದ್ದರೆ, ಆ ಖಾಲಿ ಗಾಳ ತೂತಿನ ಕೆಳಅಂಚಿನ ಐಸಿಗೆ ಚುಚ್ಚಿಕೊಳ್ಳುತ್ತೆ. ಮೀನು ಕೆಳಗೆ ಒದ್ದಾಡುತ್ತಿರುತ್ತೆ, ನೀವು ಮೇಲೆ. ಇದಕ್ಕೆ 8 ಇಂಚಿನ ತೂತು ಬೇಕು, ಕೊನೆಯ ಐದಡಿ ದಾರ ತೂತಿನ ನಟ್ಟನಡುವೆ ಬರುವಂತೆ ಎತ್ತಬೇಕು. 6 ಇಂಚಿನ ಬೈರಿಗೆ ಇರುವವರಿಗೆ ಒಂದೇ ಗಾಳ ಸಾಕು.

ಹೆಣೆದ ದಾರ (ಬ್ರೇಡ್) ಬಯಲಲ್ಲಿ ಬೇಡ. ನೀರು ಹೀರಿ ಕಡ್ಡಿಯಾಗುತ್ತೆ, ಕೋಲಿನ ಉಂಗುರಗಳು ಐಸ್ ಕಟ್ಟುತ್ತವೆ. ಡೇರೆಯೊಳಗೆ ಹೀಟರ್ ಇದ್ದರೆ ಸರಿ. ಉಂಗುರ ಕಟ್ಟಿಕೊಂಡರೆ ಕೋಲಿನ ತುದಿಯನ್ನು ತೂತಿನ ನೀರಿಗೆ ಅದ್ದಿ ಅಲ್ಲಾಡಿಸಿ, ಬೆರಳಲ್ಲಿ ಮುರಿಯಲು ಹೋದರೆ ಉಂಗುರದ ಒಳಬಳೆ ಕಿತ್ತುಬರುತ್ತೆ.

ಸರೋವರ ಸಾಕ್ಷಿ
ಯಾರೂ ಸೀಸದ ಮಾತೆತ್ತಿಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂದು ಔನ್ಸ್ ಅಥವಾ ಅದಕ್ಕಿಂತ ಕಡಿಮೆ ತೂಕದ ಸೀಸದ ಗುಂಡು, ಸೀಸದ ಜಿಗ್ (ತಲೆಗೆ ಲೋಹದ ಗುಂಡು ಕೂಡಿಸಿದ ಗಾಳ) 2016ರಿಂದ ನಿಷೇಧ. ಕಾರಣ ಲೂನ್ ಹಕ್ಕಿ. ಆಹಾರ ಅರೆಯಲು ತಳದ ಸಣ್ಣ ಕಲ್ಲು ನುಂಗುವಾಗ ಸೀಸದ ಗುಂಡೂ ಹೊಟ್ಟೆಗೆ ಹೋಗುತ್ತೆ, ಗಾಳ ನುಂಗಿದ ಮೀನು ತಿಂದರೂ ಹೋಗುತ್ತೆ. ಒಂದೇ ಗುಂಡು ಸಾಕು ಹಕ್ಕಿ ಸಾಯಲು. ಹಳೆಯ ಪೆಟ್ಟಿಗೆ ಎರವಲು ತಂದಿದ್ದರೆ ಹೊರಡುವ ಮುಂಚೆ ಸೋಸಿ ತೆಗೆಯಿರಿ. ಬದಲಿಗೆ ಟಂಗ್‌ಸ್ಟನ್ ಜಿಗ್. ಬೆಲೆ ಜಾಸ್ತಿ ಹೌದು. ಆದರೆ ಸಾಂದ್ರತೆ ಸೀಸಕ್ಕೆ 11.3, ಟಂಗ್‌ಸ್ಟನ್‌ಗೆ 19.3, ಹಾಗಾಗಿ ಅದೇ ತೂಕಕ್ಕೆ ಗಾತ್ರ ಚಿಕ್ಕದು, ಬೇಗ ಇಳಿಯುತ್ತೆ. ಹಿತ್ತಾಳೆ, ಉಕ್ಕಿನ ಸ್ಪೂನ್‌ಗಳಿಗೆ ತೊಂದರೆಯಿಲ್ಲ.

ಸ್ಪೂನಿಗೆ ಅಕಸ್ಮಾತ್ ಸಾಲ್ಮನ್ ಹತ್ತಿದರೆ ತಕ್ಷಣ ಬಿಡಬೇಕು. ಈ ರಾಜ್ಯದಲ್ಲಿ ಐಸ್ ಮೇಲಿಂದ ಸಾಲ್ಮನ್ ಇಟ್ಟುಕೊಳ್ಳುವಂತಿಲ್ಲ. ತೂತಿನ ನೀರಿನಲ್ಲೇ ಗಾಳ ಬಿಡಿಸಿ, ಹಿಮದ ಮೇಲೆ ಹೊರಳಾಡಿಸಿ ಫೋಟೊ ತೆಗೆಯಬೇಡಿ, ಕಣ್ಣು ಕಿವಿರು ಕ್ಷಣದಲ್ಲಿ ಹೆಪ್ಪುಗಟ್ಟುತ್ತವೆ.

ಸೋನಾರ್ ಶೆಟ್ಟಿ
ಸೋನಾರ್ ಇಲ್ಲದೆ ಹೋಗಬಹುದಾ ಅಂದರೆ ಹೋಗಬಹುದು. ಆದರೆ ನಾಲ್ವರು ಸೇರಿ ಒಂದು ಫ್ಲ್ಯಾಶರ್ (ಐಸ್ ಮೀನುಗಾರರ ಸೋನಾರ್) ಬಾಡಿಗೆಗಾದರೂ ತರುವುದು ಉಳಿದೆಲ್ಲ ಖರ್ಚಿಗಿಂತ ಉತ್ತಮ. ಖಾಲಿ ತೂತಿನಲ್ಲಿ ಐದು ನಿಮಿಷ ಕಾಯುವ ಬದಲು ಹದಿನೈದು ಸೆಕೆಂಡಿನಲ್ಲಿ ಗೊತ್ತಾಗುತ್ತೆ.

ಒಂದು ಲೆಕ್ಕ ತಿಳಿದಿರಲಿ. ಸೋನಾರ್‌ನ ಶಬ್ದ ಶಂಕುವಿನ ಆಕಾರದಲ್ಲಿ ಹರಡುತ್ತೆ. 20 ಡಿಗ್ರಿ ಶಂಕು 40 ಅಡಿ ಆಳದಲ್ಲಿ ಸುಮಾರು 14 ಅಡಿ ಅಗಲದ ವೃತ್ತ ನೋಡುತ್ತೆ. 9 ಡಿಗ್ರಿಯದು 6 ಅಡಿಗಿಂತ ಸ್ವಲ್ಪ ಜಾಸ್ತಿ. ಹುಡುಕಲು ಅಗಲದ್ದು ಒಳ್ಳೆಯದು. ಆದರೆ ತಳ ಇಳಿಜಾರಿದ್ದರೆ ಅಗಲ ಶಂಕುವಿಗೆ ಮೇಲ್ಭಾಗದ ತಳ ಮೊದಲು ಕಾಣುತ್ತೆ, ಕೆಳಭಾಗದಲ್ಲಿ ತಳಕ್ಕಂಟಿದ ಮೀನು ಆ ದಪ್ಪ ಗೆರೆಯೊಳಗೆ ಮುಚ್ಚಿಹೋಗುತ್ತೆ. ವೈಟ್ ಪರ್ಚ್ ತಳಕ್ಕಂಟುವ ಮೀನು, ಹಾಗಾಗಿ ಇಳಿಜಾರಿನಲ್ಲಿ «ಮೀನಿಲ್ಲ» ಅಂತ ಪರದೆ ಹೇಳಿದರೆ ನಂಬಬೇಡಿ, ಗಾಳ ಬಿಟ್ಟು ನೋಡಿ. ಕೆಸರಿನ ಮೈದಾನದಲ್ಲಿ ಈ ಸಮಸ್ಯೆ ಇಲ್ಲ.

ಇಬ್ಬರು ಪಕ್ಕಪಕ್ಕ ಸೋನಾರ್ ಹಾಕಿದರೆ ಪರದೆ ತುಂಬ ಚುಕ್ಕಿ ಬರುತ್ತೆ. ಅಡ್ಡಿ ನಿವಾರಣೆಯ ಗುಂಡಿ ಒತ್ತುತ್ತಾ ಹೋಗಿ, ತಿಳಿಯಾಗುವವರೆಗೆ. ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಆದರೆ ಹಗುರ, ಚಳಿಯಲ್ಲೂ ಪರವಾಗಿಲ್ಲ. ಆದರೆ ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಿದರೆ ಹಾಳಾಗುತ್ತೆ. ಮನೆಗೆ ತಂದ ಕೂಡಲೇ ಚಾರ್ಜರ್ ಸಿಕ್ಕಿಸಬೇಡಿ, ಬೆಚ್ಚಗಾಗಲು ಬಿಡಿ.

ಸೋನಾರ್ ಇಲ್ಲವೇ ಇಲ್ಲ ಅಂದರೆ: ದಾರದ ತುದಿಗೆ ಒಂದು ಔನ್ಸಿಗಿಂತ ಭಾರದ ಕ್ಲಿಪ್ ತೂಕ ಸಿಕ್ಕಿಸಿ ತಳ ಮುಟ್ಟಿಸಿ, ನೀರಿನ ಮಟ್ಟದಲ್ಲಿ ದಾರಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ. ತೂಕ ಮೇಲೆ ಬಂದಾಗ ಅದಕ್ಕೆ ಕೆಸರು ಮೆತ್ತಿದೆಯೋ ಇಲ್ಲವೋ ನೋಡಿ. ತಳದ ಸುದ್ದಿ ಬಿಟ್ಟಿಯಾಗಿ ಸಿಕ್ಕಿತು.

ಬಂಗುಡೆ ಬಾಬು
ಸಂಜೆನಾ ಮಧ್ಯಾಹ್ನನಾ? ಬೆಳಗಿನ 10ರಿಂದ ಮಧ್ಯಾಹ್ನ 3ರವರೆಗೆ ನಿಂತು ಬರಿಗೈಯಲ್ಲಿ ವಾಪಸಾಗುವವರೇ ಜಾಸ್ತಿ.

ಮೇನ್ ಮಾವ
ಮುಂಜಾನೆ ಬೆಳಕು ಹರಿಯುವ ಮುಂಚೆ ಅರ್ಧ ಗಂಟೆಯಿಂದ ಎರಡು ಗಂಟೆ, ಸಂಜೆ ಸೂರ್ಯ ಮುಳುಗುವ ಮುಂಚೆ ಒಂದು ಗಂಟೆಯಿಂದ ಕತ್ತಲಾದ ಮೇಲೂ. ಐಸ್ ಮೇಲೆ ಒಂದಡಿ ಹಿಮ ಕೂತಿದ್ದರೆ ಕೆಳಗೆ ಹೇಗೂ ಮಬ್ಬು, ಆಗ ಮಧ್ಯಾಹ್ನವೂ ನಡೆಯುತ್ತೆ. ತಿಳಿ ಕಪ್ಪು ಐಸ್, ಬಿಸಿಲು, ತಿಳಿ ನೀರು ಮೂರೂ ಕೂಡಿದರೆ 40 ಅಡಿಗಿಂತ ಕೆಳಗೆ ಹೋಗಿ. ಕತ್ತಲಲ್ಲಿ ಹೊಳೆಯುವ ಬಣ್ಣದ ಸ್ಪೂನಿಗೆ ಐದು ನಿಮಿಷಕ್ಕೊಮ್ಮೆ ಟಾರ್ಚ್ ತೋರಿಸಿ.

ಬೈರಿಗೆ ಭಟ್ಟ
ಇಲ್ಲಿ ಮಾವನಿಗೂ ನನಗೂ ಹೊಂದಲ್ಲ. ಸಂಜೆ ಕಚ್ಚುವುದು ಹೆಚ್ಚು, ನಿಜ. ಆದರೆ ಹಿಂಡು ಹುಡುಕುವ ಕೆಲಸ ಹಗಲಿನದು. ಮಧ್ಯಾಹ್ನ 1 ಗಂಟೆಗೆ ತೂತು ಕೊರೆದು ಮುಗಿಸಿ, ಯಾವ ಅಂಚಿನಲ್ಲಿ ಓಡಾಟ ಇದೆ ಅಂತ ಕಂಡುಕೊಂಡು, 4ಕ್ಕೆ ಅಲ್ಲಿ ನಿಲ್ಲಬೇಕು. ಕತ್ತಲಲ್ಲಿ ಹತ್ತು ತೂತು ಕೊರೆಯಲು ಶುರು ಮಾಡುವವರಿಗೆ ಮಾವ ಹೇಳಿದ ಹೊತ್ತು ಪ್ರಯೋಜನಕ್ಕೆ ಬರಲ್ಲ.

ಸರೋವರ ಸಾಕ್ಷಿ
ಐಸಿನ ದಪ್ಪ. ನ್ಯೂ ಹ್ಯಾಂಪ್‌ಶೈರ್ ಮೀನುಗಾರಿಕೆ ಇಲಾಖೆ ಹೇಳುವುದು: ನಡೆಯಲು ಕನಿಷ್ಠ 6 ಇಂಚು ಗಟ್ಟಿ ಐಸ್, ಸ್ನೋಮೊಬೈಲ್‌ಗೆ 8–10 ಇಂಚು. ಇದು ತಿಳಿ ಕಪ್ಪು ಐಸಿನ ಲೆಕ್ಕ. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಐಸಿನ ಬಲ ಸುಮಾರು ಅರ್ಧ.

ವಿನಿಪಸಾಕಿ ಒಂದೇ ಸರೋವರವಾದರೂ ಒಂದೇ ಐಸ್ ಅಲ್ಲ. ಮೆರೆಡಿತ್ ಬೇ, ಮೌಲ್ಟನ್‌ಬರೋ ಬೇ ಮುಂತಾದ ಕೊಲ್ಲಿಗಳು ಬೇಗ ಕಟ್ಟುತ್ತವೆ. ನಡುವಿನ ವಿಶಾಲ ಭಾಗ, ಬ್ರಾಡ್ಸ್ ಅನ್ನುವುದು, ಕಡೆಗೆ ಕಟ್ಟುತ್ತೆ. ದ್ವೀಪಗಳ ನಡುವಿನ ಇಕ್ಕಟ್ಟು, ಸೇತುವೆಯ ಅಡಿ, ತೊರೆ ಸೇರುವ ಬಾಯಿ ಇಲ್ಲೆಲ್ಲ ನೀರು ಹರಿಯುತ್ತಿರುತ್ತೆ, ಐಸ್ ತೆಳು. ಮನೆಗಳ ದೋಣಿಕಟ್ಟೆ ಉಳಿಸಲು ಗುಳ್ಳೆ ಬಿಡುವ ಯಂತ್ರ ಇಟ್ಟಿರುತ್ತಾರೆ, ಅದರ ಸುತ್ತ ಹತ್ತಿರ ಹೋಗಲೇಬೇಡಿ. ಒತ್ತಡಕ್ಕೆ ಎದ್ದ ಐಸಿನ ಗೋಡೆಗಳನ್ನು ದಾಟುವುದೂ ಬೇಡ.

ಮುಂದಿನವರ ಕೈಯಲ್ಲಿ ಉಳಿಬಾಯಿಯ ಹಾರೆ ಇರಲಿ. ಎರಡು ಬಲವಾದ ಕುಟ್ಟಿಗೆ ತೂರಿದರೆ ಬಂದ ದಾರಿಯಲ್ಲೇ ಹಿಂದಕ್ಕೆ. ಒಬ್ಬರಿಗೂ ಇನ್ನೊಬ್ಬರಿಗೂ 30 ಅಡಿ ಅಂತರ. ಎಲ್ಲರ ಕೊರಳಲ್ಲಿ ಐಸ್ ಮೊಳೆ ಜೋಡಿ, ಚೀಲದೊಳಗಲ್ಲ. ಬಿದ್ದರೆ ಲೆಕ್ಕ ಹೀಗೆ: ಉಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಸುಮಾರು ಹತ್ತು ನಿಮಿಷ, ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಹಾಗಾಗಿ ಮೊದಲ ನಿಮಿಷ ಒದ್ದಾಡದೆ ತೇಲಿ. ಆಮೇಲೆ ಬಂದ ದಿಕ್ಕಿಗೇ ತಿರುಗಿ, ಮೊಳೆ ಚುಚ್ಚಿ, ಕಾಲು ಬಡಿಯುತ್ತಾ ಹೊಟ್ಟೆಯ ಮೇಲೆ ಜಾರಿ ಹತ್ತಿ, ಎದ್ದು ನಿಲ್ಲದೆ ಉರುಳಿಕೊಂಡು ದೂರ ಬನ್ನಿ.

ಡೇರೆಯಲ್ಲಿ ಪ್ರೊಪೇನ್ ಹೀಟರ್ ಹಚ್ಚಿದರೆ ಕೆಳಗೊಂದು ಮೇಲೊಂದು ಕಿಂಡಿ ತೆರೆದಿರಬೇಕು. ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ತೂಗುಹಾಕಿ.

ಹೊಳೆಬದಿ
ಸಾಕಷ್ಟು ವಿವರ ಸಿಕ್ಕಿತು, ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ: 40 ಅಡಿಯಿಂದ ಬಂದ ಸಣ್ಣ ಮೀನು ವಾಪಸ್ ಬಿಡಬಹುದಾ? ಮತ್ತೆ ಮಾರ್ಚ್ ಕೊನೆಯಲ್ಲಿ ಇನ್ನೂ ಚೆನ್ನಾಗಿ ಸಿಗುತ್ತೆ ಅನ್ನೋದು ನಿಜವಾ?

ತಕ್ಕಡಿ
ಮೊದಲನೆಯದಕ್ಕೆ: ಬಿಟ್ಟರೂ ಬದುಕುವ ಭರವಸೆ ಕಡಿಮೆ. ಈ ಮೀನಿನ ಗಾಳಿಚೀಲಕ್ಕೂ ಗಂಟಲಿಗೂ ನಡುವೆ ದಾರಿ ಇಲ್ಲ, ಟ್ರೌಟ್ ಥರ ಗಾಳಿ ಉಗುಳಲಾರದು. ಆಳದಿಂದ ಬೇಗ ಎಳೆದಾಗ ಚೀಲ ಉಬ್ಬಿ ಹೊಟ್ಟೆ ಬಾಯಿಗೆ ಬರುತ್ತೆ, ಕಣ್ಣು ಹೊರಚಾಚುತ್ತೆ. ನೀರಿಗೆ ಬಿಟ್ಟರೆ ಐಸಿನ ಅಡಿಗೆ ಅಂಟಿಕೊಂಡು ತೇಲುತ್ತೆ. ಆದ್ದರಿಂದ ಎಷ್ಟು ತಿನ್ನುತ್ತೀರಿ ಅಂತ ಮೊದಲೇ ಎಣಿಸಿ, ಅಷ್ಟಾದ ಮೇಲೆ ಗಾಳ ಸುತ್ತಿಡಿ. «ಹಿಡಿದು ಬಿಡೋಣ» ಅನ್ನುವ ಆಟ 40 ಅಡಿಯಲ್ಲಿ ಬೇಡ. ಸಣ್ಣವೇ ಬರುತ್ತಿದ್ದರೆ ಹಿಂಡು ಬದಲಿಸಿ. ಒಂದು ಹಿಂಡಿನಲ್ಲಿ ಹೆಚ್ಚುಕಡಿಮೆ ಒಂದೇ ಗಾತ್ರದವು ಇರುತ್ತವೆ.

ಬೈರಿಗೆ ಭಟ್ಟ
ಎರಡನೆಯದಕ್ಕೆ: ನಿಜ, ಅದೇ ತಾಪತ್ರಯ. ವಸಂತದಲ್ಲಿ ನೀರು 11–16 ಡಿಗ್ರಿ ಆದಾಗ ಇವು ತೊರೆಗಳಲ್ಲಿ, ಆಳವಿಲ್ಲದ ಕೊಲ್ಲಿಗಳಲ್ಲಿ ಮೊಟ್ಟೆಯಿಡುತ್ತವೆ. ಮಾರ್ಚ್ ಕೊನೆಗೇ ಆ ಕಡೆ ಸರಿಯಲು ಶುರು. ಹಿಂಡುಗಳು ದೊಡ್ಡದಾಗುತ್ತವೆ, 15–25 ಅಡಿಗೆ ಬರುತ್ತವೆ, ಹೊಟ್ಟೆಬಾಕರಾಗುತ್ತವೆ. ಆದರೆ ಅವು ಬರುವುದು ತೊರೆಯ ಬಾಯಿಗೆ, ಐಸ್ ಮೊದಲು ಹಾಳಾಗುವುದೂ ಅಲ್ಲೇ. ಆಗಿನ 12 ಇಂಚಿನ ಐಸ್ ಕೂಡ ಮೇಣದಬತ್ತಿಗಳನ್ನು ನಿಲ್ಲಿಸಿ ಕಟ್ಟಿದಂತೆ ಒಳಗೊಳಗೇ ಬಿಡಿಬಿಡಿಯಾಗಿರುತ್ತೆ, ಇಂಚು ಅಳೆದು ಅರ್ಥವಿಲ್ಲ. ಬೆಳಿಗ್ಗೆ ಹೆಪ್ಪುಗಟ್ಟಿದ್ದು ಮಧ್ಯಾಹ್ನಕ್ಕೆ ದಡದಲ್ಲಿ ಬಿಟ್ಟಿರುತ್ತೆ, ಹೋದ ದಾರಿಯಲ್ಲಿ ವಾಪಸ್ ಬರಲು ಆಗಲ್ಲ. ಬಾಬ್‌ಹೌಸ್ (ಐಸ್ ಮೇಲಿಡುವ ಮೀನುಗಾರರ ಗುಡಿಸಲು) ಇದ್ದವರು ಏಪ್ರಿಲ್ 1ರೊಳಗೆ ಐಸ್ ಮೇಲಿಂದ ತೆಗೆದಿರಬೇಕು ಅನ್ನುವುದು ಕಾನೂನು. ನೀವು ಹೊರಟಿರುವ ಫೆಬ್ರವರಿ ಕೊನೆಯೇ ಹದ.

ಸಣ್ಣ, ಕೊಳೆತ ಸಸ್ಯ ತುಂಬಿದ ಕೆರೆಗಳಿಗೆ ಹೋಗುವವರಿಗೆ ಇನ್ನೊಂದು: ಚಳಿಗಾಲದ ಕೊನೆಗೆ ಅಂಥ ಕಡೆ ತಳದಲ್ಲಿ ಆಮ್ಲಜನಕ ತೀರಿರುತ್ತೆ. ಮೀನು ತಳ ಬಿಟ್ಟು ನಡುನೀರಿಗೆ ಏರುತ್ತೆ. ಅಲ್ಲಿ ಕೆಸರು ಕುಟ್ಟುತ್ತಾ ನಿಂತರೆ ಗಾಳ ಮೀನಿನ ಹೊಟ್ಟೆಯಡಿ ಇರುತ್ತೆ. ಈ ಮೀನು ಮೇಲಿನದನ್ನು ನೋಡಿ ತಿನ್ನುತ್ತೆ, ಕೆಳಗಿನದನ್ನು ಅಪರೂಪಕ್ಕೆ.

ಈರಿ ದಂಡೆ
ಓಹಾಯೋ ಕಡೆಯವರಿಗೆ ಒಂದು ಮಾತು. ಗ್ರೇಟ್ ಲೇಕ್ಸ್‌ನಲ್ಲಿ ಈ ಮೀನು ವಲಸಿಗ. ಕಾಲುವೆಗಳ ಮೂಲಕ ಬಂದು 1950ರ ದಶಕದಲ್ಲಿ ಈರಿ ಸರೋವರ ಸೇರಿತು. ವಾಲೈ, ವೈಟ್ ಬಾಸ್‌ಗಳ ಮೊಟ್ಟೆ ತಿನ್ನುತ್ತೆ, ವೈಟ್ ಬಾಸ್ ಜೊತೆ ಮಿಶ್ರತಳಿಯೂ ಆಗಿದೆ. ಹಾಗಾಗಿ ಗುರುತಿಸುವುದು ಇಲ್ಲಿ ಮುಖ್ಯ: ವೈಟ್ ಪರ್ಚ್‌ಗೆ ಪಟ್ಟೆ ಇಲ್ಲ, ಎರಡು ಬೆನ್ನುರೆಕ್ಕೆಗಳ ನಡುವೆ ತೆಳು ಪೊರೆ ಸೇರಿಕೊಂಡಿರುತ್ತೆ, ಒಂದನ್ನು ಎತ್ತಿದರೆ ಇನ್ನೊಂದೂ ಏಳುತ್ತೆ. ಹಿಂದಿನ ಅಡಿರೆಕ್ಕೆಯ ಎರಡನೇ, ಮೂರನೇ ಮುಳ್ಳು ಹೆಚ್ಚುಕಡಿಮೆ ಒಂದೇ ಉದ್ದ. ನಾಲಿಗೆ ಮೇಲೆ ಬೆರಳಾಡಿಸಿದರೆ ನುಣುಪು. ವೈಟ್ ಬಾಸ್‌ಗೆ ಪಟ್ಟೆ ಇದೆ, ರೆಕ್ಕೆಗಳು ಬೇರೆಬೇರೆ, ನಾಲಿಗೆ ಮೇಲೆ ಹಲ್ಲಿನ ಮಚ್ಚೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಜೀವಂತ ಸಾಗಿಸಬೇಡಿ, ಎಲ್ಲೇ ಇರಲಿ.

ಕಾಣೆ ಫ್ರೈ ಕಮಲ
ತಿನ್ನುವ ವಿಷಯಕ್ಕೆ ಬನ್ನಿ. 10–12 ಇಂಚಿನದು ಸಿಕ್ಕರೆ ಸೊಗಸು. ಹಿಡಿದ ಕೂಡಲೇ ಕಿವಿರು ಕತ್ತರಿಸಿ ಹಿಮ ತುಂಬಿದ ಬಕೆಟ್‌ಗೆ ಹಾಕಿ, ರಕ್ತ ಇಳಿಯಲಿ. ಹಿಮದೊಳಗೆ ಹೂತಿಡಿ, ಮೇಲೆ ಗಾಳಿಗೆ ಬಿಟ್ಟರೆ ಕಲ್ಲಾಗುತ್ತೆ, ಆಮೇಲೆ ಚಾಕು ಹೋಗಲ್ಲ, ಕರಗಿಸಿ ಮತ್ತೆ ಫ್ರೀಜರ್‌ಗೆ ಇಟ್ಟರೆ ಮಾಂಸ ಹಿಂಜಿದ ಹತ್ತಿ. ಬೆನ್ನಿನ ಮುಳ್ಳು, ಕಿವಿರು ಮುಚ್ಚಳದ ಅಂಚು ಎರಡೂ ಕೈ ಕೊಯ್ಯುತ್ತವೆ, ಹಿಡಿಯುವಾಗ ತಲೆಯ ಕಡೆಯಿಂದ ಬಾಲದತ್ತ ಸವರಿ ರೆಕ್ಕೆ ಮಡಚಿ.

ಹುರುಪೆ ದಪ್ಪ, ಗಟ್ಟಿ. ಚರ್ಮ ಸುಲಿದು ಫಿಲೆ ಮಾಡುವುದೇ ಸುಲಭ. ಫಿಲೆಯ ಹೊರಮೈ ನಡುವೆ ಉದ್ದಕ್ಕೂ ಕಂದುಕೆಂಪು ಮಾಂಸದ ಗೆರೆ ಇರುತ್ತೆ, ಅದನ್ನು ವಿ ಆಕಾರದಲ್ಲಿ ಕೆತ್ತಿ ತೆಗೆಯಿರಿ. ವಾಸನೆ ಅಂತ ಮೂಗು ಮುರಿಯುವವರು ತಿಂದಿರುವುದು ಆ ಗೆರೆಯನ್ನೇ.

ಮಾಂಸ ಬಿಳಿ, ಗಟ್ಟಿ, ಹುಡಿಯಾಗಲ್ಲ. ಹಾಗಾಗಿ ನಮ್ಮ ರವೆ ಫ್ರೈಗೆ ಹೇಳಿ ಮಾಡಿಸಿದ್ದು. ಅರ್ಧ ಕೆ.ಜಿ. ಫಿಲೆಗೆ ಬ್ಯಾಡಗಿ ಮೆಣಸಿನ ಪುಡಿ ಎರಡು ಚಮಚ, ಅರಿಶಿನ ಅರ್ಧ, ಶುಂಠಿ-ಬೆಳ್ಳುಳ್ಳಿ ಅರೆದದ್ದು ಒಂದು, ಗಟ್ಟಿ ಹುಣಸೆರಸ ಒಂದು ಚಮಚ, ಉಪ್ಪು. 20 ನಿಮಿಷ ಸಾಕು. ಕಾಣೆಗೆ ಬಿಡುವಷ್ಟು ಹೊತ್ತು ಬಿಟ್ಟರೆ ತೆಳು ಫಿಲೆಯನ್ನು ಹುಳಿ ಮೆತ್ತಗೆ ಮಾಡುತ್ತೆ. ಸಣ್ಣ ರವೆಯಲ್ಲಿ ಹೊರಳಿಸಿ, ಕಾವಲಿಯ ಮೇಲೆ ಒಂದೊಂದು ಬದಿ ಎರಡೂವರೆ–ಮೂರು ನಿಮಿಷ.

ಪಾದರಸದ ಎಚ್ಚರಿಕೆ ಈ ರಾಜ್ಯಗಳ ಸಿಹಿನೀರಿನ ಮೀನಿಗೆಲ್ಲ ಇದೆ. ಗರ್ಭಿಣಿಯರು, ಚಿಕ್ಕ ಮಕ್ಕಳಿಗೆ ತಿಂಗಳಿಗೆ ಎಷ್ಟು ಅನ್ನುವುದನ್ನು ರಾಜ್ಯದ ಸೂಚನೆಯಲ್ಲಿ ನೋಡಿ ಬಡಿಸಿ. ದೊಡ್ಡ, ವಯಸ್ಸಾದ ಮೀನಿನಲ್ಲಿ ಪಾದರಸ ಹೆಚ್ಚು.

ಬಂಗುಡೆ ಬಾಬು
ಅಕ್ಕಾ, ದೊಡ್ಡದು ಅಂದರೆ ಎಷ್ಟು ದೊಡ್ಡದಾಗುತ್ತೆ ಇದು?

ಮೇನ್ ಮಾವ
ಒಂದು ಪೌಂಡ್ ಬಂದರೆ ಒಳ್ಳೆಯ ಮೀನು, ಎರಡು ಬಂದರೆ ಊರಿಗೆಲ್ಲ ಫೋಟೊ ಹೋಗುತ್ತೆ. ಮೇನ್ ರಾಜ್ಯದ ದಾಖಲೆ ನಾಲ್ಕೂವರೆ ಪೌಂಡ್ ದಾಟಿದ್ದು, ಮೆಸಲಾನ್‌ಸ್ಕೀ ಸರೋವರದ್ದು, 1949ರದು. ಅದೂ ಐಸ್ ಮೇಲೆ ಅಲ್ಲ, ಜೂನ್‌ನಲ್ಲಿ.

ಹೊಳೆಬದಿ
ಪಟ್ಟಿ ತಿದ್ದಿದೆ: ಡ್ರಿಲ್ ಬೈರಿಗೆ ಒಂದು, ಬಾಡಿಗೆ ಫ್ಲ್ಯಾಶರ್ ಒಂದು, ಟಿಪ್-ಅಪ್ ತಲೆಗೊಂದು, 3/8 ಔನ್ಸ್ ಸ್ಪೂನ್ ಎಂಟು, ಐಸ್ ಮೊಳೆ ನಾಲ್ಕು ಜೋಡಿ, ಹಾರೆ, ಅಲಾರಂ. ಎರೆಹುಳು ಹೆಪ್ಪುಗಟ್ಟದಂತೆ ಹೇಗೆ ಇಡೋದು?

ತಕ್ಕಡಿ
ಚಿಕ್ಕ ಡಬ್ಬಿಗೆ ಹಾಕಿ ಜಾಕೆಟ್‌ನ ಒಳಜೇಬಿನಲ್ಲಿ. ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಮರೀಬೇಡಿ. ಬೈರಿಗೆ ಅಲಗನ್ನು ಪ್ರತಿ ತೂತಿನ ನಂತರ ಐಸಿಗೆ ಕುಟ್ಟಿ ಕೊಡವಬೇಡಿ, ಅಂಚು ಮೊಂಡಾಗುತ್ತೆ. ಗಾಳಿಯಲ್ಲೇ ಎರಡು ಸುತ್ತು ತಿರುಗಿಸಿ ನೀರು ಹಾರಿಸಿ.